ಮಲೆನಾಡಿನ ಲ್ಯಾಬಿಗೆ ಯಾವ ಹೈಡ್ರಾಕ್ಸೈಡ್, ಯಾವ ಡೋಪೆಂಟ್?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಕಾಲೇಜುಗಳಲ್ಲೋ ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಹೈಡ್ರಾಕ್ಸೈಡಿನ ಬಳಿ ಬಂದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಲೋಹದ ಲವಣ, ಕ್ಷಾರ, ನಾಲ್ಕು ಬೀಕರು, ಒಂದು ಓವನ್ ಇದ್ದರೆ ಕೆಲಸ ಶುರು ಮಾಡಬಹುದು. ಸಾವಿರ ಡಿಗ್ರಿಯ ಕುಲುಮೆ ಬೇಡ, ನಿರ್ವಾತದ ಯಂತ್ರ ಬೇಡ. ಪುಡಿ ಮಾಡುವ ತನಕ ಎಲ್ಲವೂ ಸಲೀಸು. ಅದರ ವಿದ್ಯುತ್ ವಾಹಕತೆ ಅಳೆಯಲು ಕೂತಾಗ ತೊಡಕು ಎದುರಾಗುತ್ತದೆ. ಮಾಘದ ಒಣ ಬಿಸಿಲಿನಲ್ಲಿ ಒಂದು ಅಂಕಿ, ಪುನರ್ವಸು ಮಳೆ ಹಿಡಿದಾಗ ಅದೇ ಪೆಲೆಟ್ಟಿಗೆ (ಪುಡಿ ಒತ್ತಿ ಮಾಡಿದ ಬಿಲ್ಲೆಗೆ) ಅದರ ನೂರು ಪಟ್ಟು. ಇದರಲ್ಲಿ ಡೋಪಿಂಗ್ (ವಾಹಕತೆ ಬದಲಿಸಲು ಬೇರೊಂದು ವಸ್ತುವನ್ನು, ಅಂದರೆ ಡೋಪೆಂಟನ್ನು, ಚೂರು ಬೆರೆಸುವುದು) ಮಾಡಿದ್ದೆಷ್ಟು, ಮಳೆ ಮಾಡಿದ್ದೆಷ್ಟು ಎಂದು ಪರೀಕ್ಷಕರು ಕೇಳಿದರೆ ಉತ್ತರ ಇರಬೇಕಲ್ಲ?

ಹಾಗಾಗಿ ವಸ್ತು ಆರಿಸುವಾಗ ನಾನು ಮೊದಲು ಕೇಳುವುದು, ವಿದ್ಯುತ್ತನ್ನು ಹೊರುವವರು ಯಾರು, ಅದನ್ನು ನಮ್ಮಲ್ಲಿರುವ ಉಪಕರಣದಲ್ಲೇ ತೋರಿಸಲು ಸಾಧ್ಯವೇ ಎಂದು. ಯಾವ ಡೋಪೆಂಟ್ ವಾಹಕತೆಯನ್ನು ಹೆಚ್ಚು ಏರಿಸುತ್ತದೆ ಎಂಬುದು ಅದರ ನಂತರದ ಮಾತು.

ಅಗಲ ಬ್ಯಾಂಡ್‌ಗ್ಯಾಪ್ ಅಂದರೆ ಎಷ್ಟು ಅಗಲ?

ಸಿಲಿಕಾನಿನ ಬ್ಯಾಂಡ್‌ಗ್ಯಾಪ್ (ಎಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ದಾಟಬೇಕಾದ ಶಕ್ತಿಯ ಅಂತರ) 1.12 ಎಲೆಕ್ಟ್ರಾನ್ ವೋಲ್ಟ್. ಮೆಗ್ನೀಸಿಯಂ ಹೈಡ್ರಾಕ್ಸೈಡಿನದ್ದು ಸುಮಾರು 5.7. ಕಣ್ಣಿಗೆ ಕಾಣುವ ಬೆಳಕಿನ ಶಕ್ತಿ 3.1ರ ಆಸುಪಾಸಿಗೆ ಮುಗಿಯುವುದರಿಂದ ಇದು ಬೆಳಕನ್ನು ಹೀರದೆ ಬಿಟ್ಟುಬಿಡುತ್ತದೆ. ಪುಡಿ ಬೆಳ್ಳಗೆ, ತೆಳುಪದರ ಪಾರದರ್ಶಕ. ಕೋಣೆಯ ತಾಪದಲ್ಲಿ ಎಲೆಕ್ಟ್ರಾನಿಗೆ ಸಿಗುವ ಉಷ್ಣಶಕ್ತಿ ಬರೀ 0.026 ಎಲೆಕ್ಟ್ರಾನ್ ವೋಲ್ಟ್. ಇಷ್ಟರಲ್ಲಿ ಆ ಅಂತರ ದಾಟಿ ಬರುವ ಎಲೆಕ್ಟ್ರಾನುಗಳನ್ನು ಸೊನ್ನೆ ಎಂದೇ ಎಣಿಸಬಹುದು. ಆದ್ದರಿಂದ ಮೀಟರಿನಲ್ಲಿ ಏನಾದರೂ ಪ್ರವಾಹ ಕಂಡರೆ ಅದರ ಮೂಲ ಮೂರರಲ್ಲಿ ಒಂದು: ನೀವು ಸೇರಿಸಿದ ಡೋಪೆಂಟ್, ಹರಳಿನೊಳಗಿನ ದೋಷ, ಇಲ್ಲವೇ ಕಣಗಳ ಮೇಲೆ ಕೂತ ನೀರು.

ಸಿಲಿಕಾನ್ ಪಾಠವನ್ನು ಇಲ್ಲಿಗೆ ನೇರ ತಂದವರು ಎಡವುವುದು ಇಲ್ಲೇ. ಸಿಲಿಕಾನಿಗೆ ರಂಜಕ ಹಾಕಿದರೆ ಒಂದು ಎಲೆಕ್ಟ್ರಾನ್ ಹೆಚ್ಚುವರಿಯಾಗಿ ಸಿಗುತ್ತದೆ. ಅದೇ ಲೆಕ್ಕದಲ್ಲಿ ಎರಡು ಧನ ಆವೇಶದ ಮೆಗ್ನೀಸಿಯಂ ಜಾಗಕ್ಕೆ ಮೂರು ಧನ ಆವೇಶದ ಅಲ್ಯೂಮಿನಿಯಂ ಕೂರಿಸಿದರೂ ಒಂದು ಎಲೆಕ್ಟ್ರಾನ್ ಸಿಗಬೇಕಿತ್ತು. ಸಿಗುವುದಿಲ್ಲ. ಹೈಡ್ರಾಕ್ಸೈಡಿನಲ್ಲಿ ಪದರದ ಮೇಲೆ ಪದರ. ನಡುವೆ ಜಾಗ ಉಂಟು. ಜಲಜನಕ ಸುಲಭಕ್ಕೆ ಬಂದು ಹೋಗುತ್ತದೆ. ಹೆಚ್ಚಾದ ಧನ ಆವೇಶವನ್ನು ಸರಿದೂಗಿಸಲು ಹರಳು ಒಂದು ಪ್ರೋಟಾನನ್ನು ಹೊರಗೆ ಬಿಡುತ್ತದೆ, ಅಥವಾ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಹುಟ್ಟಿದ ಕಾರ್ಬೋನೇಟನ್ನು ಪದರಗಳ ಸಂದಿಗೆ ಎಳೆದುಕೊಳ್ಳುತ್ತದೆ. ನಿಮ್ಮ ಕೈಗೆ ಬರುವುದು ಎಲೆಕ್ಟ್ರಾನ್ ತುಂಬಿದ ಅರೆವಾಹಕವಲ್ಲ, ಹೈಡ್ರೋಟಾಲ್ಸೈಟ್ ಎಂಬ ಬೇರೆಯೇ ಖನಿಜ. ಅಲ್ಯೂಮಿನಿಯಂ ಪಾಲು ಐದರಲ್ಲಿ ಒಂದರಿಂದ ಮೂರರಲ್ಲಿ ಒಂದರವರೆಗೆ ಇದ್ದಾಗ ಅದು ಶುದ್ಧವಾಗಿಯೇ ಬರುತ್ತದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ನೋಡುವ ಎಕ್ಸ್-ಕಿರಣ ಪರೀಕ್ಷೆಯಲ್ಲಿ) 18.5 ಡಿಗ್ರಿಯ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಶಿಖರ ಕುಗ್ಗಿ 11.6ರ ಹತ್ತಿರ ಹೊಸದೊಂದು ಎದ್ದರೆ ಡೋಪಿಂಗ್ ಅಲ್ಲ, ವಸ್ತುವೇ ಬದಲಾಗಿದೆ ಎಂದು ತಿಳಿಯಿರಿ.

ಮೆಗ್ನೀಸಿಯಂ ಹೈಡ್ರಾಕ್ಸೈಡ್: ಕಷ್ಟದ್ದು, ಆದರೆ ವಿಷಯ ನಿಜಕ್ಕೂ ಇರುವುದು ಇಲ್ಲಿ

ನಿಮ್ಮ ಶೀರ್ಷಿಕೆಯಲ್ಲಿ ‘ಅಗಲ ಬ್ಯಾಂಡ್‌ಗ್ಯಾಪ್’ ಎಂಬ ಮಾತು ಇರಲೇಬೇಕು ಎಂದಾದರೆ ಆಯ್ಕೆ ಇದೇ. ಅಗ್ಗ, ವಿಷವಲ್ಲ, ಬಿಳಿ. ಇದಕ್ಕೆ ಡೋಪೆಂಟ್ ಹುಡುಕುವಾಗ ಅಯಾನಿನ ಗಾತ್ರ ನೋಡುವುದು ವಾಡಿಕೆ. ಮೆಗ್ನೀಸಿಯಂ ಅಯಾನಿನ ತ್ರಿಜ್ಯ 0.72 ಆಂಗ್‌ಸ್ಟ್ರಾಮ್. ತಾಮ್ರ 0.73, ಸತು 0.74, ಲಿಥಿಯಂ 0.76, ನಿಕ್ಕಲ್ 0.69; ಇವೆಲ್ಲ ಹತ್ತಿರದವು. ಸೋಡಿಯಂ 1.02, ಕ್ಯಾಲ್ಸಿಯಂ 1.00, ಇವು ಹಿಡಿಸುವುದಿಲ್ಲ. ಸತು ಮತ್ತು ನಿಕ್ಕಲ್ ಮೆಗ್ನೀಸಿಯಮಿನಷ್ಟೇ ಆವೇಶದವು, ಹಾಗಾಗಿ ಅವುಗಳಿಂದ ಬ್ಯಾಂಡ್‌ಗ್ಯಾಪ್ ಸ್ವಲ್ಪ ಬದಲಾಗಬಹುದೇ ಹೊರತು ಆವೇಶ ಹೊರುವ ಕಣಗಳು ಬೇಕೆಂದ ಹಾಗೆ ಹುಟ್ಟುವುದಿಲ್ಲ. ಲಿಥಿಯಂ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ನೀರಿನಲ್ಲಿ ಮಾಡುವ ವಿಧಾನದಲ್ಲಿ ಬಹುಪಾಲು ದ್ರಾವಣದಲ್ಲೇ ಉಳಿದು, ತೊಳೆದಾಗ ಚರಂಡಿ ಸೇರುತ್ತದೆ.

ತಾಮ್ರ ಉಳಿಯಿತು. ಜಪಾನಿನ ನಗೋಯಾದ ಸಂಶೋಧಕರು ವಿದ್ಯುತ್ ಲೇಪನದ ವಿಧಾನದಿಂದ ತಾಮ್ರ ಬೆರೆತ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಪದರ ಮಾಡಿದ್ದಾರೆ. ವಿಧಾನ ನಮ್ಮಲ್ಲೂ ಆಗುವಂಥದ್ದು: ನೈಟ್ರೇಟ್ ದ್ರಾವಣದಲ್ಲಿ ವಾಹಕ ಗಾಜನ್ನು ಕ್ಯಾಥೋಡ್ ಮಾಡಿ ಪ್ರವಾಹ ಹಾಯಿಸಿದರೆ ನೈಟ್ರೇಟ್ ಅಪಕರ್ಷಣಗೊಂಡು ಗಾಜಿನ ಮೈಯಲ್ಲೇ ಕ್ಷಾರ ಹುಟ್ಟುತ್ತದೆ, ಅಲ್ಲೇ ಹೈಡ್ರಾಕ್ಸೈಡ್ ಅಂಟಿಕೊಳ್ಳುತ್ತದೆ. ಎಲೆಕ್ಟ್ರೋಡಿನ ವೋಲ್ಟೇಜನ್ನು ಬೇಕಾದಲ್ಲಿ ನಿಲ್ಲಿಸುವ ಒಂದು ಪೊಟೆನ್ಶಿಯೋಸ್ಟಾಟ್ ಸಾಕು.

ತಾಮ್ರದ ಗುಣ ಮಾತ್ರ ಗೊತ್ತಿರಬೇಕು. ಅಡಿಕೆ ತೋಟದವರ ಮನೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತಕ್ಕೆ ಸುಣ್ಣ ಸೇರಿಸಿದಾಗ ಏಳುವ ತಿಳಿನೀಲಿ ಗಸಿ ತಾಮ್ರದ ಹೈಡ್ರಾಕ್ಸೈಡ್ ಕುಟುಂಬದ್ದೇ. ಮಾಡಿದ ದಿನವೇ ಹೊಡೆಯಬೇಕು ಎನ್ನುವುದು ಏಕೆಂದರೆ ಅದು ಇಟ್ಟಲ್ಲಿ ಇದ್ದ ಹಾಗೆ ಇರುವುದಿಲ್ಲ. ಲ್ಯಾಬಿನಲ್ಲೂ ಅಷ್ಟೇ: ನೀಲಿ ತಾಮ್ರ ಹೈಡ್ರಾಕ್ಸೈಡನ್ನು ದ್ರಾವಣದಲ್ಲೇ ಬಿಸಿ ಮಾಡಿದರೆ ಕಪ್ಪಾಗಿ ತಾಮ್ರದ ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ತಾನೇ ಒಂದು ಪಿ-ಮಾದರಿಯ (ಎಲೆಕ್ಟ್ರಾನ್ ಬಿಟ್ಟ ಖಾಲಿ ಜಾಗಗಳು ವಿದ್ಯುತ್ ಹೊರುವ) ಅರೆವಾಹಕ. ನಿಮ್ಮ ಬಿಳಿ ಪುಡಿಯಲ್ಲಿ ಅದು ಎರಡು ಶೇಕಡಾ ಸೇರಿಕೊಂಡರೂ ವಾಹಕತೆ ಏರಿದ್ದು ಡೋಪಿಂಗಿನಿಂದಲೇ ಎಂದು ನಿಮಗೆ ಭ್ರಮೆ ಹುಟ್ಟುತ್ತದೆ. ಎಕ್ಸ್‌ಆರ್‌ಡಿಯಲ್ಲಿ ಅದರ ಎರಡು ದೊಡ್ಡ ಶಿಖರಗಳು 35.5 ಮತ್ತು 38.7 ಡಿಗ್ರಿಯಲ್ಲಿವೆ, ಎರಡನೆಯದು ಮೆಗ್ನೀಸಿಯಂ ಹೈಡ್ರಾಕ್ಸೈಡಿನ 38ರ ಶಿಖರದ ಬುಡದಲ್ಲಿ ಅಡಗಿ ಕೂರುತ್ತದೆ. ಆದ್ದರಿಂದ 35.5ರ ಸುತ್ತ ನಿಧಾನವಾಗಿ ಸ್ಕ್ಯಾನ್ ಮಾಡಿ. ಪುಡಿಯ ಬಣ್ಣ ತಿಳಿನೀಲಿ ಇದ್ದರೆ ಒಳ್ಳೆಯದು, ಬೂದಿಯತ್ತ ತಿರುಗಿದರೆ ಓವನ್ ತಾಪ ಇಳಿಸಿ.

ಇಂಗಾಲದ ದಾರಿಯೂ ಇದೆ. ಮೆಗ್ನೀಸಿಯಂ ಮತ್ತು ಇಂಗಾಲವನ್ನು ಒಟ್ಟಿಗೆ ಸ್ಪಟರ್ ಮಾಡಿ (ನಿರ್ವಾತದಲ್ಲಿ ಅಯಾನುಗಳಿಂದ ಹೊಡೆದು ಪದರವಾಗಿ ಕೂರಿಸಿ), ಆ ಪದರವನ್ನು ನೀರಾವಿಗೆ ಒಡ್ಡಿ, ಪಾರದರ್ಶಕವೂ ವಾಹಕವೂ ಆದ ಹೈಡ್ರಾಕ್ಸೈಡ್ ಪದರ ಪಡೆಯುವ ಪ್ರಯೋಗ ಜಪಾನಿನಲ್ಲೇ ನಡೆದಿದೆ. ಸ್ಪಟರಿಂಗ್ ಯಂತ್ರ ಇಲ್ಲದವರು ಅದರ ಬದಲಿಗೆ ಗ್ರಾಫೀನನ್ನೋ ಕಾರ್ಬನ್ ಬ್ಲ್ಯಾಕನ್ನೋ ಪುಡಿಗೆ ಅರೆದು ‘ಕಾರ್ಬನ್ ಡೋಪ್ಡ್’ ಎಂದು ಬರೆಯುವುದನ್ನು ನೋಡುತ್ತೇನೆ. ಅದು ಡೋಪಿಂಗ್ ಅಲ್ಲ. ಅಲ್ಲಿ ಕರಿಯ ಕಣಗಳು ಒಂದಕ್ಕೊಂದು ತಾಗಿ ಸರಪಳಿ ಆದಾಗ ಪ್ರವಾಹ ಆ ಸರಪಳಿಯಲ್ಲಿ ಹರಿಯುತ್ತದೆ, ಹೈಡ್ರಾಕ್ಸೈಡ್ ಸುಮ್ಮನೆ ಕೂತಿರುತ್ತದೆ. ಸಂಯುಕ್ತ ವಸ್ತು ಎಂದು ಬರೆದರೆ ಗೌರವದ ಕೆಲಸವೇ.

ನಿಕ್ಕಲ್ ಹೈಡ್ರಾಕ್ಸೈಡ್: ಸುಲಭಕ್ಕೆ ಒಲಿಯುವುದು

ಬ್ಯಾಂಡ್‌ಗ್ಯಾಪ್ ಮೆಗ್ನೀಸಿಯಂನಷ್ಟು ಅಗಲವಿಲ್ಲ, ಆದರೂ ಒಣ ಪುಡಿ ಕೆಟ್ಟ ವಾಹಕವೇ. ಇದರ ಅನುಕೂಲ ಏನೆಂದರೆ ನೂರು ವರ್ಷಕ್ಕೂ ಮೀರಿದ ಬ್ಯಾಟರಿ ಅನುಭವ ಬೆನ್ನಿಗಿದೆ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಮಾಡಿದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ ಹಿಡಿದು ಹೈಬ್ರಿಡ್ ಕಾರುಗಳ ನಿಕ್ಕಲ್-ಮೆಟಲ್ ಹೈಡ್ರೈಡ್ ತನಕ ಧನ ಧ್ರುವದಲ್ಲಿ ಕೂತಿರುವುದು ಇದೇ ವಸ್ತು. ಯಾವ ಡೋಪೆಂಟ್ ಏನು ಮಾಡುತ್ತದೆ ಎಂಬುದು ಅಲ್ಲಿ ಬಹುಪಾಲು ಇತ್ಯರ್ಥವಾಗಿದೆ.

ಕೋಬಾಲ್ಟ್ ವಾಹಕತೆಗೆ. ಮೊದಲ ಚಾರ್ಜಿನಲ್ಲೇ ಅದು ವಾಹಕವಾದ ಆಕ್ಸಿಹೈಡ್ರಾಕ್ಸೈಡ್ ಆಗಿ, ಮಾಮೂಲಿ ಬಳಕೆಯಲ್ಲಿ ಹಿಂದಕ್ಕೆ ಬರದೆ ಹಾಗೇ ಉಳಿಯುತ್ತದೆ. ಸತು ಹಾಕುವುದು ವಾಹಕತೆಗಲ್ಲ, ಅತಿಯಾಗಿ ಚಾರ್ಜ್ ಆದಾಗ ಪದರಗಳು ಉಬ್ಬಿ ಎಲೆಕ್ಟ್ರೋಡ್ ಒಡೆಯದ ಹಾಗೆ ತಡೆಯಲು. ಅಲ್ಯೂಮಿನಿಯಂ ಹಾಕಿದರೆ ಪದರಗಳ ನಡುವೆ ನೀರು ತುಂಬಿದ ಆಲ್ಫಾ ರೂಪ ಗಟ್ಟಿ ಕ್ಷಾರದಲ್ಲೂ ನಡುವೆ ನೀರಿಲ್ಲದ ಬೀಟಾ ರೂಪ ಆಗದೆ ನಿಲ್ಲುತ್ತದೆ. ಈ ಮೂರನ್ನೂ ‘ವಾಹಕತೆ ಹೆಚ್ಚಿಸುವ ಡೋಪೆಂಟ್‌ಗಳು’ ಎಂದು ಒಂದೇ ಸಾಲಿನಲ್ಲಿ ಬರೆದ ಪ್ರಬಂಧ ಕಂಡರೆ ಅದನ್ನು ಬದಿಗಿಡಿ.

ಕಬ್ಬಿಣದ್ದು ಪ್ರತ್ಯೇಕ ಕಥೆ. 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಗುಂಪು ನಿಕ್ಕಲ್ ಪದರಕ್ಕೆ ಕಬ್ಬಿಣ ಸೇರಿಸಿದಾಗ ವಾಹಕತೆ 30 ಪಟ್ಟಿಗಿಂತ ಹೆಚ್ಚು ಏರಿದ್ದನ್ನು ಅಳೆಯಿತು. ನೀರಿನಿಂದ ಆಮ್ಲಜನಕ ಬಿಡಿಸುವ ಚಟುವಟಿಕೆ ಏರಿದ್ದಕ್ಕೆ ಮಾತ್ರ ಅದೊಂದೇ ಕಾರಣವಾಗಲಾರದು ಎಂದೂ ಹೇಳಿತು. ಕ್ಷಾರದಲ್ಲಿ ಕಲಬೆರಕೆಯಾಗಿ ಬಂದ ಅತ್ಯಲ್ಪ ಕಬ್ಬಿಣವೇ ಈ ಪದರಗಳ ನಡತೆ ಬದಲಿಸುತ್ತದೆ ಎಂಬುದು 1987ರಿಂದಲೇ ಗೊತ್ತಿದ್ದ ಸಂಗತಿ. ನಮ್ಮ ಕಡೆಯವರಿಗೆ ಇದು ಮುಖ್ಯ. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿಯೇ ಭದ್ರಾವತಿಯ ಕಾರ್ಖಾನೆ ಬೆಳೆದದ್ದು. ಈ ಸೀಮೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಬೋರ್‌ವೆಲ್ ನೀರು ಬಕೆಟ್ಟಿಗೆ ಕಟ್ಟುವ ಕಂದು ಕರೆ ನೋಡಿದ್ದೀರಿ. ಗಾಜಿನ ಸಾಮಾನನ್ನು ನಲ್ಲಿ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಡಿಸ್ಟಿಲ್ಡ್ ನೀರು ತೋರಿಸಿದರೆ ಸಾಲದು. ದುರ್ಬಲ ಆಮ್ಲದಲ್ಲಿ ನೆನೆಸಿ, ಡೀಅಯಾನೈಸ್ಡ್ ನೀರಿನಲ್ಲಿ ತೊಳೆಯಿರಿ. ಡೋಪ್ ಮಾಡದ ಮಾದರಿಯಲ್ಲೂ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷಿಸಿ. ಅದು ಗೊತ್ತಿಲ್ಲದೆ ನಿಕ್ಕಲ್-ಕಬ್ಬಿಣದ ವಿಷಯಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಖಚಿತ ಸಲಹೆ.

ಇನ್ನೊಂದು ಎಚ್ಚರ: ಮೇಲೆ ಹೇಳಿದ ಲಾಭಗಳೆಲ್ಲ ಕ್ಷಾರದಲ್ಲಿ ಮುಳುಗಿಸಿ, ವೋಲ್ಟೇಜ್ ಕೊಟ್ಟು, ನಿಕ್ಕಲನ್ನು ಉತ್ಕರ್ಷಿಸಿದ ಮೇಲಿನವು. ಒಣ ಪೆಲೆಟ್ಟಿನಲ್ಲಿ ಕೋಬಾಲ್ಟಿನ ಪ್ರಭಾವ ಅಷ್ಟು ಎದ್ದು ಕಾಣದಿರಬಹುದು. ಪೊಟೆನ್ಶಿಯೋಸ್ಟಾಟ್ ಇದ್ದರೆ ನಿಕ್ಕಲ್ ತೆಗೆದುಕೊಳ್ಳಿ, ಮಲ್ಟಿಮೀಟರ್ ಮತ್ತು ಪೆಲೆಟ್ ಪ್ರೆಸ್ ಮಾತ್ರ ಇದ್ದರೆ ಯೋಚಿಸಿ. ನಿಕ್ಕಲ್ ಲವಣ ಕ್ಯಾನ್ಸರ್‌ಕಾರಕ, ಚರ್ಮಕ್ಕೂ ಅಲರ್ಜಿ. ಕೈಗವಸು ಮುಖಗವಸು ಇಲ್ಲದೆ ಒಣ ಪುಡಿ ಅರೆಯಬೇಡಿ, ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ. ಅದು ಹರಿದು ಸೇರುವುದು ತುಂಗೆಗೋ ಭದ್ರೆಗೋ.

ಎರಡು ಲೋಹದ ಪದರಗಳು, ಮತ್ತು ಬಿಟ್ಟುಬಿಡಬಹುದಾದವು

ಆಗಲೇ ಹೇಳಿದ ಮೆಗ್ನೀಸಿಯಂ-ಅಲ್ಯೂಮಿನಿಯಂ ಹೈಡ್ರೋಟಾಲ್ಸೈಟನ್ನು ಬೇಕೆಂದೇ ಮಾಡುವುದಾದರೆ ಅದು ಸೊಗಸಾದ ವಿಷಯ. ಇಲ್ಲಿ ಎಲೆಕ್ಟ್ರಾನಿನ ಹಂಗೇ ಇಲ್ಲ. ಪದರಗಳ ನಡುವಿನ ನೀರಿನಲ್ಲಿ ಹೈಡ್ರಾಕ್ಸೈಡ್ ಅಯಾನು ಸಾಗುತ್ತದೆ. 60 ಡಿಗ್ರಿ ತಾಪ, ಶೇಕಡಾ 80 ಆರ್ದ್ರತೆಯಲ್ಲಿ ಸೆಂಟಿಮೀಟರಿಗೆ ಕೆಲವು ಮಿಲಿಸೀಮೆನ್ಸ್ ವಾಹಕತೆ ವರದಿಯಾಗಿದೆ. ನಮ್ಮ ಜುಲೈ ಆರ್ದ್ರತೆ ಅದಕ್ಕೆ ಏನೂ ಕಡಿಮೆಯಿಲ್ಲ.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದರೆ ಎಲೆ-ಅಡಿಕೆಯ ಸುಣ್ಣವೇ. ಒದ್ದೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣ ಆಗುತ್ತದೆ. ಅಳೆಯುವಷ್ಟರಲ್ಲಿ ವಸ್ತು ಬೇರೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಅಪ್ಪಟ ಅವಾಹಕ. ಸತುವಿನದು ನಿಲ್ಲದೆ ಸತುವಿನ ಆಕ್ಸೈಡ್ ಆಗಿಬಿಡುತ್ತದೆ. ಮೂರನ್ನೂ ಬಿಡಿ.

ಒಟ್ಟಿಗೆ ಗಸಿ ಕಟ್ಟಿಸುವುದರಲ್ಲಿ ಗುಟ್ಟು

ಡೋಪೆಂಟ್ ಹರಳಿನೊಳಗೆ ಕೂತಿದೆಯೋ ಪಕ್ಕದಲ್ಲಿ ಬೇರೆ ಪುಡಿಯಾಗಿ ಕೂತಿದೆಯೋ ಎಂಬುದು ಕ್ಷಾರ ಹಾಕುವ ಕ್ರಮದಲ್ಲಿ ನಿರ್ಧಾರವಾಗುತ್ತದೆ. ಪಿಎಚ್ ಏರುತ್ತ ಹೋದಂತೆ ಮೂರು ಆವೇಶದ ಕಬ್ಬಿಣ 2–3ರಲ್ಲೇ ಬೀಳುತ್ತದೆ, ಅಲ್ಯೂಮಿನಿಯಂ 4ರ ಸುತ್ತ, ತಾಮ್ರ 5–6ರಲ್ಲಿ, ನಿಕ್ಕಲ್ 7–8ರಲ್ಲಿ, ಮೆಗ್ನೀಸಿಯಂ 9.5 ದಾಟಿದ ಮೇಲೆ. ಲವಣದ ಮಿಶ್ರಣಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟರೆ ತಾಮ್ರವೆಲ್ಲ ಮೊದಲೇ ಬಿದ್ದು ಮುಗಿದಿರುತ್ತದೆ, ಮೆಗ್ನೀಸಿಯಂ ಆಮೇಲೆ ಬಂದು ಅದರ ಮೇಲೆ ಕೂರುತ್ತದೆ. ಹಾಗಾಗಿ ಉಲ್ಟಾ ಮಾಡಿ: ಗಟ್ಟಿ ಕ್ಷಾರವನ್ನು ಕಲಕುತ್ತ ಲವಣದ ಮಿಶ್ರಣವನ್ನು ಅದಕ್ಕೆ ಬಿಡಿ. ಇನ್ನೂ ಒಳ್ಳೆಯದೆಂದರೆ ಎರಡನ್ನೂ ಒಟ್ಟಿಗೆ ಹನಿಸಿ ಪಿಎಚ್ ಒಂದೇ ಕಡೆ ನಿಲ್ಲಿಸುವುದು. ಅಮೋನಿಯಾ ಬೇಡ, ತಾಮ್ರವೂ ನಿಕ್ಕಲೂ ಅದರೊಡನೆ ಕಡುನೀಲಿ ಸಂಕೀರ್ಣವಾಗಿ ಕರಗಿ ಕೈತಪ್ಪುತ್ತವೆ. ಕೋಬಾಲ್ಟ್ ಇದ್ದರೆ ನೈಟ್ರೋಜನ್ ಹಾಯಿಸುತ್ತ ಮಾಡಿ, ಗುಲಾಬಿ ಬಣ್ಣ ಕಂದಿಗೆ ತಿರುಗಿದರೆ ಗಾಳಿ ನುಗ್ಗಿದೆ ಎಂದರ್ಥ.

ದ್ರಾವಣಕ್ಕೆ ಹಾಕಿದ ಶೇಕಡಾವಾರು ಘನದಲ್ಲಿ ಇರಬೇಕೆಂದಿಲ್ಲ. ಯಾವ ಲೋಹ ಎಷ್ಟಿದೆ ಎಂದು ತೋರಿಸುವ ಐಸಿಪಿ ಅಥವಾ ಅಟಾಮಿಕ್ ಅಬ್ಸಾರ್ಪ್ಷನ್ ಅಳತೆ ಇಲ್ಲದೆ ‘5% ಡೋಪ್ಡ್’ ಎಂದು ಬರೆಯಬಾರದು.

ನೀರನ್ನು ಲೆಕ್ಕದಿಂದ ಕಳೆಯುವುದು ಹೇಗೆ?

ಆಕ್ಸೈಡ್ ಪೆಲೆಟ್ಟನ್ನು ಸಾವಿರ ಡಿಗ್ರಿಯಲ್ಲಿ ಸುಟ್ಟು ಗಟ್ಟಿ ಮಾಡಬಹುದು. ಹೈಡ್ರಾಕ್ಸೈಡಿಗೆ ಆ ಭಾಗ್ಯವಿಲ್ಲ. ಮೆಗ್ನೀಸಿಯಂನದು 330–350 ಡಿಗ್ರಿಯಲ್ಲಿ ನೀರು ಬಿಟ್ಟು ಆಕ್ಸೈಡ್ ಆಗುತ್ತದೆ (ಪೂರ್ತಿ ಆದಾಗ ತೂಕದಲ್ಲಿ 30.9% ಇಳಿಕೆ), ನಿಕ್ಕಲಿನದು 250 ದಾಟಿದ ಮೇಲೆ (19.4%). ಒತ್ತಿ ಮಾಡಿದ ಪೆಲೆಟ್ಟಿನಲ್ಲಿ ರಂಧ್ರಗಳು ಉಳಿದೇ ಉಳಿಯುತ್ತವೆ, ಆ ರಂಧ್ರಗಳ ಗೋಡೆಯಲ್ಲಿ ನೀರಿನ ಪೊರೆ ಕಟ್ಟುತ್ತದೆ, ಪೊರೆಯಲ್ಲಿ ಪ್ರೋಟಾನ್ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಮಳೆಗಾಲದಲ್ಲಿ ಮೀಟರ್ ಓದುವುದು ಇದನ್ನೇ.

ಇದಕ್ಕೆ ದುಬಾರಿ ಆರ್ದ್ರತಾ ಪೆಟ್ಟಿಗೆ ಬೇಕಿಲ್ಲ. ಮುಚ್ಚಿದ ಡೆಸಿಕೇಟರಿನ (ಗಾಳಿಯಾಡದ ಗಾಜಿನ ಪಾತ್ರೆಯ) ತಳದಲ್ಲಿ ಲವಣದ ಸಂತೃಪ್ತ ದ್ರಾವಣ ಇಟ್ಟರೆ 25 ಡಿಗ್ರಿಯಲ್ಲಿ ಆರ್ದ್ರತೆ ತಾನಾಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ: ಲಿಥಿಯಂ ಕ್ಲೋರೈಡಿಗೆ 11%, ಮೆಗ್ನೀಸಿಯಂ ಕ್ಲೋರೈಡಿಗೆ 33%, ಮೆಗ್ನೀಸಿಯಂ ನೈಟ್ರೇಟಿಗೆ 53%, ಅಡುಗೆ ಉಪ್ಪಿಗೆ 75%, ಪೊಟ್ಯಾಸಿಯಂ ಸಲ್ಫೇಟಿಗೆ 97%. ಮುಚ್ಚಳದಲ್ಲಿ ಎರಡು ತಂತಿ ತೂರಿಸಿ ಪೆಲೆಟ್ಟನ್ನು ಒಳಗೇ ಇಟ್ಟು, ಒಂದೊಂದು ಮಟ್ಟದಲ್ಲೂ ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಡೋಪ್ ಮಾಡಿದ್ದು, ಮಾಡದ್ದು ಎರಡೂ ಪಕ್ಕಪಕ್ಕದಲ್ಲಿ ಇರಲಿ. 11%ನಲ್ಲೂ ಅವೆರಡರ ನಡುವೆ ಅಂತರ ಉಳಿದರೆ ಮಾತಾಡಲು ಏನೋ ಇದೆ. 75%ನಲ್ಲಿ ಮಾತ್ರ ಅಂತರ ಕಂಡರೆ ಡೋಪೆಂಟ್ ಬರೀ ಪುಡಿಯ ಕಣಗಳ ಗಾತ್ರವನ್ನು ಬದಲಿಸಿ ಹೆಚ್ಚು ನೀರು ಹಿಡಿಸಿದೆ, ಅಷ್ಟೇ.

ಮುಂದಿನ ಹೆಜ್ಜೆ ಡಿಸಿ ಪರೀಕ್ಷೆ. ಸ್ಥಿರ ವೋಲ್ಟೇಜ್ ಕೊಟ್ಟು ಕಾಯಿರಿ. ಪ್ರವಾಹ ಬೀಳುತ್ತ ಬೀಳುತ್ತ ಸೊನ್ನೆಯ ಹತ್ತಿರ ಹೋದರೆ ಹೊರುತ್ತಿದ್ದದ್ದು ಅಯಾನುಗಳು. ಎಲೆಕ್ಟ್ರೋಡಿನ ಬಳಿ ಹೋಗಿ ನಿಂತುಬಿಟ್ಟವು. ಒಂದು ಮಟ್ಟದಲ್ಲಿ ನಿಂತರೆ ಆ ಉಳಿದ ಭಾಗ ಎಲೆಕ್ಟ್ರಾನಿನದು. ವೋಲ್ಟೇಜ್ ಸಣ್ಣದಿರಲಿ, 1.23 ದಾಟಿದರೆ ಪೊರೆಯ ನೀರೇ ವಿಭಜನೆಯಾಗಲು ಶುರುವಾಗಿ ಲೆಕ್ಕ ಕೆಡಬಹುದು. ಬೇರೆ ಬೇರೆ ಆವರ್ತನದ ಎಸಿಯಲ್ಲಿ ತಡೆ ಅಳೆಯುವ ಇಂಪೀಡೆನ್ಸ್ ಉಪಕರಣ ಸಿಕ್ಕರೆ, ಕಡಿಮೆ ಆವರ್ತನದಲ್ಲಿ ಬಾಲದಂತೆ ಏಳುವ ಗೆರೆ ಅಯಾನುಗಳು ಎಲೆಕ್ಟ್ರೋಡಿನ ಬಳಿ ನಿಂತದ್ದನ್ನೇ ಹೇಳುತ್ತದೆ. ಹೊರುವ ಕಣ ಯಾವ ಆವೇಶದ್ದು, ಎಷ್ಟಿವೆ ಎಂದು ಕಾಂತಕ್ಷೇತ್ರದಲ್ಲಿ ತಿಳಿಯುವ ಹಾಲ್ ಪರಿಣಾಮದ ಅಳತೆಗೆ ಆಸೆಪಡಬೇಡಿ, ಇಷ್ಟು ಕಡಿಮೆ ವಾಹಕತೆಯಲ್ಲಿ ಬರುವ ಸಂಕೇತ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಸಂಪರ್ಕಕ್ಕೆ ಎಲ್ಲರೂ ಬಳಿಯುವುದು ಸಿಲ್ವರ್ ಪೇಸ್ಟ್. ಒದ್ದೆ ಹವೆಯಲ್ಲಿ ಡಿಸಿ ಕೊಟ್ಟರೆ ಬೆಳ್ಳಿ ಕರಗಿ, ಅಯಾನಾಗಿ ಸಾಗಿ, ಆ ಬದಿಯಲ್ಲಿ ಎಳೆಗಳಾಗಿ ಬೆಳೆದು ಕೊನೆಗೆ ಶಾರ್ಟ್ ಮಾಡುತ್ತದೆ. ವಾಹಕತೆ ಧಿಡೀರನೆ ಸಾವಿರ ಪಟ್ಟು ಏರಿದರೆ ಸಂಭ್ರಮಿಸುವ ಮೊದಲು ಪೆಲೆಟ್ಟಿನ ಅಂಚನ್ನು ಲೆನ್ಸಿನಲ್ಲಿ ನೋಡಿ. ಮಲೆನಾಡಿನಲ್ಲಿ ಗ್ರಾಫೈಟ್ ಪೇಸ್ಟೇ ವಾಸಿ.

ಹಾಗಾದರೆ ಯಾವುದು?

ಪ್ರಾಜೆಕ್ಟ್ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಯುವುದಾದರೆ, ಪೊಟೆನ್ಶಿಯೋಸ್ಟಾಟ್ ಇದ್ದರೆ, ಕೋಬಾಲ್ಟ್ ಸೇರಿಸಿದ ನಿಕ್ಕಲ್ ಹೈಡ್ರಾಕ್ಸೈಡ್. ಫಲಿತಾಂಶ ಬಂದೇ ಬರುತ್ತದೆ, ಹೋಲಿಸಲು ಸಾಹಿತ್ಯವೂ ಸಾಕಷ್ಟಿದೆ. ಹೊಸತು ಕಮ್ಮಿ. ಪಿಎಚ್.ಡಿ. ಮಾಡುವವರು, ಎರಡು ಬೇಸಿಗೆ ಕೈಯಲ್ಲಿರುವವರು ತಾಮ್ರ ಸೇರಿಸಿದ ಮೆಗ್ನೀಸಿಯಂ ಪದರ ಹಿಡಿಯಲಿ. ಸೋಲುವ ಸಂಭವ ಹೆಚ್ಚು, ಗೆದ್ದರೆ ಪಾರದರ್ಶಕ ವಾಹಕಗಳ ಕಡೆಗೆ ಬಾಗಿಲು ತೆರೆಯುತ್ತದೆ. ಜೂನಿನಿಂದ ಅಕ್ಟೋಬರಿನ ಸೆಮಿಸ್ಟರ್ ಪಾಲಿಗೆ ಬಂದವರು, ಅದರಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಾಲೇಜುಗಳವರು, ನೀರಿನೊಂದಿಗೆ ಜಗಳಕ್ಕೆ ನಿಲ್ಲದೆ ಹೈಡ್ರೋಟಾಲ್ಸೈಟ್ ಮಾಡಿ. ಮೆಗ್ನೀಸಿಯಂ-ಅಲ್ಯೂಮಿನಿಯಂ 2:1 ಮತ್ತು 3:1, ಐದು ಉಪ್ಪಿನ ಡೆಸಿಕೇಟರು, ಇಷ್ಟರಲ್ಲೇ ಒಂದು ಒಳ್ಳೆಯ ಅಧ್ಯಾಯ ಆಗುತ್ತದೆ.

ಡೋಪೆಂಟ್ ಪ್ರಮಾಣ 1, 3, 5, 10 ಶೇಕಡಾ ಸಾಕು. ಸೊನ್ನೆಯ ಮಾದರಿಯನ್ನು ಕೂಡ ಅದೇ ದಿನ, ಅದೇ ಕ್ಷಾರದ ಬಾಟಲಿಯಿಂದ ಮಾಡಿ. ಬೆಂಗಳೂರಿಗೆ ಎಕ್ಸ್‌ಆರ್‌ಡಿಗೋ ಐಸಿಪಿಗೋ ಕಳಿಸುವಾಗ ಪುಡಿಯನ್ನು ಜಿಪ್ ಕವರಿನಲ್ಲಿ ಹಾಕದೆ ಗಾಜಿನ ಸೀಸೆಯಲ್ಲಿ ತುಂಬಿ, ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿ, ಹೊರಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ; ಅದೇ ಪುಡಿಯ ಅರ್ಧ ಪಾಲು ನಿಮ್ಮ ಡೆಸಿಕೇಟರಿನಲ್ಲೇ ಉಳಿಯಲಿ.